ತಿರುಗಿದ್ದು ಉಯ್ಯಾಲೆಯೋ, ಕೋಣೆಯೋ? ನೂರಿಪ್ಪತ್ತು ವರ್ಷ ಹಿಂದಿನ ರೈಡ್‌ಗಳ ಒಳಗುಟ್ಟು

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಥೀಮ್ ಪಾರ್ಕಿಗೆ ಹೋಗಿದ್ದೆವು. ಒಂದು ಕಡೆ ಕುರ್ಚಿಗೆ ಬೆಲ್ಟ್ ಬಿಗಿದು ಕೂರಿಸಿ, ಎದುರಿನ ಪರದೆಯ ಮೇಲೆ ಬಾಹ್ಯಾಕಾಶ ತೋರಿಸುತ್ತ ಕುರ್ಚಿಗಳನ್ನು ಅಲ್ಲಾಡಿಸಿದರು. ನಿಜಕ್ಕೂ ಹಾರಿಹೋದ ಹಾಗಾಯಿತು. ಇದು ಕಂಪ್ಯೂಟರ್ ಬಂದ ಮೇಲಿನ ಸಂಗತಿ ಎಂದು ನಾನು, ಇಂಥವು ನೂರು ವರ್ಷದ ಹಿಂದೆಯೇ ಇದ್ದವು ಎಂದು ನನ್ನ ಭಾವ. ಯಾರ ಮಾತು ಸರಿ? ಇದ್ದದ್ದು ನಿಜವಾದರೆ ಕಂಪ್ಯೂಟರ್ ಇಲ್ಲದೆ ಹೇಗೆ ನಡೆಸುತ್ತಿದ್ದರು? ಆಮೇಲೆ ಯಾಕೆ ಮಾಯವಾದವು?

ಉತ್ತರ: ನಿಮ್ಮ ಭಾವನವರ ಮಾತೇ ಸರಿ. ನೂರಲ್ಲ, ನೂರಿಪ್ಪತ್ತು ವರ್ಷ ಎಂದಿದ್ದರೂ ತಪ್ಪಾಗುತ್ತಿರಲಿಲ್ಲ. 1893ರಿಂದ 1905ರವರೆಗಿನ ಹನ್ನೆರಡು ವರ್ಷಗಳಲ್ಲಿ, ಅಮೆರಿಕದ ವಸ್ತುಪ್ರದರ್ಶನಗಳಲ್ಲಿ, ಪ್ಯಾರಿಸ್‌ನಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ, ಇವತ್ತಿನ ಥೀಮ್ ಪಾರ್ಕಿನ ಹೆಚ್ಚುಕಡಿಮೆ ಎಲ್ಲ ಉಪಾಯಗಳೂ ಹುಟ್ಟಿಕೊಂಡಿದ್ದವು. ಆಗಿನವರಿಗೆ ಕಲ್ಪನೆ ಕಡಿಮೆ ಇರಲಿಲ್ಲ. ಇಲ್ಲದಿದ್ದದ್ದು ಹಳಿ ಬಿಡದ ಗಾಲಿ, ಸರಿಯಾದ ತಿರುವಿನ ಲೆಕ್ಕ, ಬೆಂಕಿಯಿಂದ ರಕ್ಷಣೆ, ಗಂಟೆಗೆ ಎಷ್ಟು ಜನರನ್ನು ಹತ್ತಿಸಿ ಇಳಿಸಬಹುದು ಎಂಬ ಎಣಿಕೆ. ಮಾಯವಾದ ರೈಡ್‌ಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದಕ್ಕೆ ಸೋತವು.

ಮೊದಲು ನಿಮ್ಮ ಕುರ್ಚಿಯ ವಿಷಯ. ನಾವು ಚಲಿಸುತ್ತಿದ್ದೇವೆ ಎಂದು ಮಿದುಳಿಗೆ ತಿಳಿಸುವವರು ಮೂವರು: ಕಣ್ಣು, ಒಳಗಿವಿ ಮತ್ತು ಮೈಯ ಮೇಲೆ ಬೀಳುವ ಒತ್ತಡ. ಇವರಲ್ಲಿ ಒಳಗಿವಿಗೆ ಒಂದು ದೊಡ್ಡ ಕೊರತೆ ಇದೆ. ವೇಗ ಬದಲಾದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ನೂರು ಕಿಲೋಮೀಟರ್ ಹೋದರೂ, ಅಲುಗದೆ ಕೂತಿದ್ದರೂ ಅದರ ಪಾಲಿಗೆ ಎರಡೂ ಒಂದೇ. ಆಗ ತೀರ್ಪು ಕೊಡುವುದು ಕಣ್ಣು. ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಿತು ಅನಿಸುವುದು ಇದರಿಂದಲೇ. ಕಣ್ಣಿಗೆ ಕಾಣುವುದೆಲ್ಲ ಒಟ್ಟಾಗಿ ಸರಿದರೆ, ಜಗತ್ತು ಸರಿಯುತ್ತಿದೆ ಎಂದು ಮಿದುಳು ಒಪ್ಪುವುದಿಲ್ಲ. ನಾನೇ ಸರಿಯುತ್ತಿದ್ದೇನೆ ಎಂದುಕೊಳ್ಳುತ್ತದೆ.

ಈ ಒಂದೇ ಅಂಶದ ಮೇಲೆ ಕಟ್ಟಿದ ರೈಡ್ ‘ಹಾಂಟೆಡ್ ಸ್ವಿಂಗ್’, ಅಂದರೆ ದೆವ್ವದ ಉಯ್ಯಾಲೆ. ಅಮರಾಯಾ ಲೇಕ್ ಎಂಬಾತ 1893ರಲ್ಲಿ ಇದರ ಪೇಟೆಂಟ್ ಪಡೆದ. 1894ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಲ್ಲಿ ಇದಕ್ಕೆ ಜನ ಮುಗಿಬಿದ್ದರು. ನೋಡಲು ಅದೊಂದು ಸಾಮಾನ್ಯ ಕೋಣೆ. ಗೋಡೆಯಿಂದ ಗೋಡೆಗೆ ಹಾಯ್ದ ದಪ್ಪ ಕಂಬಿಗೆ ದೊಡ್ಡ ಉಯ್ಯಾಲೆ ತೂಗುಹಾಕಿದೆ, ಅದರಲ್ಲಿ ಸಾಲು ಬೆಂಚುಗಳು. ಕೆಳಗೆ ಮೇಜು, ಕುರ್ಚಿ, ಕಪಾಟು, ಮೇಜಿನ ಮೇಲೆ ಸೀಮೆಎಣ್ಣೆ ದೀಪ. ಜನ ಕೂತ ಮೇಲೆ ಆಳುಗಳು ಉಯ್ಯಾಲೆಯನ್ನು ಕೈಯಿಂದ ಒಂದೆರಡು ಸಲ ನೂಕಿ, ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಉಯ್ಯಾಲೆ ಜೀಕುತ್ತದೆ, ಇನ್ನೂ ಎತ್ತರಕ್ಕೆ ಜೀಕುತ್ತದೆ, ಕೊನೆಗೆ ಛಾವಣಿ ಕೆಳಗಾಗಿ ನೆಲ ತಲೆಯ ಮೇಲೆ ಬಂದು ಪೂರ್ತಿ ಒಂದು ಸುತ್ತು ಸುತ್ತುತ್ತದೆ. ಹಾಗೆಂದು ಕೂತವರು ಆಣೆ ಮಾಡಿ ಹೇಳುತ್ತಿದ್ದರು.

ಉಯ್ಯಾಲೆ ಅಲುಗಿದ್ದು ಮೊದಲ ಆ ಒಂದೆರಡು ನೂಕಿಗಷ್ಟೆ. ಸುತ್ತಿದ್ದು ಕೋಣೆ. ಅದು ಅದೇ ಕಂಬಿಗೆ ತೂಗುಹಾಕಿದ ದೊಡ್ಡ ಪೆಟ್ಟಿಗೆ. ಹೊರಗೆ ನಿಂತವರು ಅದನ್ನು ಹಿಂದೆ ಮುಂದೆ ಓಲಾಡಿಸಿ, ಕಡೆಗೆ ಪೂರ್ತಿ ಮಗುಚುತ್ತಿದ್ದರು. ಸಾಮಾನುಗಳನ್ನೆಲ್ಲ ನೆಲಕ್ಕೆ ಬಿಗಿದಿತ್ತು. ದೀಪದ ವಿಷಯದಲ್ಲಿ ಕಟ್ಟಿದವನ ಜಾಣತನ ನೋಡಿ: ನಿಜವಾದ ಸೀಮೆಎಣ್ಣೆ ದೀಪ ಮಗುಚಿದರೆ ಎಣ್ಣೆ ಚೆಲ್ಲಿ ಬೆಂಕಿ ಹತ್ತುತ್ತದೆ. ಅದಕ್ಕೇ ಚಿಮಣಿಯೊಳಗೆ ಸಣ್ಣ ವಿದ್ಯುತ್ ಬಲ್ಬು ಅಡಗಿಸಿಟ್ಟಿದ್ದರು. ನೋಡುವವರಿಗೆ ಮಾತ್ರ, ಉರಿಯುವ ದೀಪ ಇರುವ ಕೋಣೆಯನ್ನು ಯಾರಾದರೂ ತಿರುಗಿಸುತ್ತಾರೆಯೇ ಎಂಬ ನಂಬಿಕೆ. ಮೊದಲಿನ ಆ ಕೈನೂಕೂ ಅಷ್ಟೇ ಮುಖ್ಯ. ಒಳಗಿವಿಗೆ ಒಂದು ನಿಜವಾದ ಜೀಕು ಸಿಕ್ಕಿದರೆ, ಅದರ ಮುಂದುವರಿಕೆಯನ್ನು ಕಣ್ಣು ಹೇಳಿದ ಹಾಗೆಲ್ಲ ಮಿದುಳು ನಂಬುತ್ತದೆ. ಆರ್. ಡಬ್ಲ್ಯು. ವುಡ್ ಎಂಬ ಭೌತವಿಜ್ಞಾನಿ ಇದರಲ್ಲಿ ಕೂತು ನೋಡಿ 1895ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಗೆ ಬರೆದ. ಒಳಗುಟ್ಟು ಪೂರ್ತಿ ತಿಳಿದಿದ್ದರೂ ಪ್ರತಿ ಜೀಕಿಗೂ ಹೊಟ್ಟೆಯಲ್ಲಿ ಏಳುವ ಆ ಖಾಲಿ ಭಾವವನ್ನು ತಡೆಯಲು ಅವನಿಂದಲೂ ಆಗಲಿಲ್ಲ. ಇದೇ ರೈಡ್ ಇವತ್ತು ‘ಮ್ಯಾಡ್ ಹೌಸ್’ ಎಂಬ ಹೆಸರಿನಲ್ಲಿ ಯುರೋಪಿನ ಪಾರ್ಕುಗಳಲ್ಲಿದೆ. ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಪಾರ್ಕಿನಲ್ಲಿ 1996ರಲ್ಲಿ ಶುರುವಾದದ್ದು ಇವುಗಳಲ್ಲಿ ಮೊದಲನೆಯದು. ಆಳುಗಳ ಜಾಗಕ್ಕೆ ಮೋಟಾರು ಬಂದಿದೆ, ಬೆಂಚೂ ಸ್ವಲ್ಪ ಓಲುತ್ತದೆ, ಅಷ್ಟೇ ವ್ಯತ್ಯಾಸ.

ಪರದೆಯ ಕಡೆಗೆ ಬರೋಣ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಟ್ರಾನ್ಸ್ ಸೈಬೀರಿಯನ್ ರೈಲಿನ ನಿಜವಾದ ಬೋಗಿಗಳನ್ನು ನಿಲ್ಲಿಸಿ, ಜನರನ್ನು ಕೂರಿಸಿ, ಕಿಟಕಿಯಾಚೆ ಮಾಸ್ಕೋದಿಂದ ಪೀಕಿಂಗಿನವರೆಗಿನ ದಾರಿಯನ್ನು ಓಡಿಸಿದರು. ಸಿನಿಮಾ ಅಲ್ಲ, ಬಣ್ಣದ ಕ್ಯಾನ್ವಾಸು. ಒಂದೇ ಪರದೆ ಓಡಿಸಿದ್ದರೆ ಅದು ಓಡುವ ಚಿತ್ರವಾಗಿ ಮಾತ್ರ ಕಾಣುತ್ತಿತ್ತು. ಇವರು ನಾಲ್ಕು ಪದರ ಮಾಡಿದರು. ಕಿಟಕಿಯ ತೀರ ಹತ್ತಿರ, ಮರಳು ಕಲ್ಲು ಅಂಟಿಸಿದ ಅಡ್ಡ ಪಟ್ಟಿ ನಿಮಿಷಕ್ಕೆ ಸುಮಾರು 300 ಮೀಟರ್ ಓಡುತ್ತಿತ್ತು. ಅದರ ಹಿಂದೆ ಪೊದೆಗಳ ಗಿಡ್ಡ ಪರದೆ ಸುಮಾರು 120 ಮೀಟರ್, ಅದರಾಚೆ ಇನ್ನೊಂದು ಸುಮಾರು 40 ಮೀಟರ್, ಎಲ್ಲಕ್ಕಿಂತ ಹಿಂದೆ ಬೆಟ್ಟ, ಕಾಡು, ಊರುಗಳ ಎತ್ತರದ ಪರದೆ ಬರೀ 5 ಮೀಟರ್. ರೈಲಿನಲ್ಲಿ ಹೋಗುವಾಗ ಹಳಿ ಪಕ್ಕದ ಜಲ್ಲಿ ಗೆರೆಯಾಗಿ ಓಡುತ್ತದೆ, ದೂರದ ಬೆಟ್ಟ ನಮ್ಮ ಜೊತೆಗೇ ಬರುತ್ತದಲ್ಲ, ಅದೇ ಲೆಕ್ಕ. ಗಮನಿಸಬೇಕಾದ ಅಂಶ: ಅತಿ ವೇಗದ ಪಟ್ಟಿಯೂ ಗಂಟೆಗೆ 18 ಕಿಲೋಮೀಟರ್ ಮಾತ್ರ, ಸೈಕಲ್ಲಿನ ವೇಗ. ಅಷ್ಟಾದರೂ ರೈಲು ಓಡಿದಂತೆ ಕಂಡದ್ದು ಏಕೆಂದರೆ ಕಣ್ಣು ಅಳೆಯುವುದು ಕೋನವನ್ನು. ಮೂಗಿನ ಮುಂದೆ ನಿಧಾನ ಹೋದದ್ದೂ ಮೈಲಿ ದೂರದಲ್ಲಿ ಧಾವಿಸಿದ್ದೂ ಕಣ್ಣಿಗೆ ಸಮ. ಮಕ್ಕಳು ಆಡುವ ವಿಡಿಯೋ ಗೇಮಿನಲ್ಲಿ ಹಿನ್ನೆಲೆ ಪದರ ಪದರವಾಗಿ ಸರಿಯುವುದೂ ಇದೇ ಉಪಾಯದಿಂದ.

ಅದೇ ಪ್ರದರ್ಶನದ ‘ಮರೆಯೋರಾಮ’ದಲ್ಲಿ ಹಡಗಿನ ಅಟ್ಟವನ್ನೇ ಓಲಾಡಿಸಿದರು. ಎರಡೂ ಬದಿಗೆ ತಲಾ 750 ಮೀಟರ್ ಉದ್ದದ ಚಿತ್ರಪಟ ಸುರುಳಿಯಿಂದ ಸುರುಳಿಗೆ ಬಿಚ್ಚಿಕೊಳ್ಳುತ್ತಿತ್ತು. ಕಡಲ ವಾಸನೆ ಬರಲೆಂದು ಪಾಚಿಯ ಮೂಲಕ ಗಾಳಿ ಬೀಸಿಸುತ್ತಿದ್ದರು. ನಿಮ್ಮ ಪಾರ್ಕಿನವರು ‘5ಡಿ’ ಎಂದು ಬರೆದುಕೊಳ್ಳುವುದರಲ್ಲಿ ಬಹುಪಾಲು ಇಲ್ಲೇ ಇತ್ತು.

ನಿಮ್ಮ ಕುರ್ಚಿಯ ನೇರ ಪೂರ್ವಜ ಮಾತ್ರ ‘ಹೇಲ್ಸ್ ಟೂರ್ಸ್’. ಕಾನ್ಸಾಸ್ ಸಿಟಿಯ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಜಾರ್ಜ್ ಹೇಲ್ 1904–05ರಲ್ಲಿ ಇದನ್ನು ತಂದ. ರೈಲು ಬೋಗಿಯ ಆಕಾರದ ಕೋಣೆ, ಮುಂದಿನ ತುದಿ ತೆರೆದು ಅಲ್ಲಿ ಪರದೆ. ಇಂಜಿನ್ನಿನ ಮೂತಿಗೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರವನ್ನು ಆ ಪರದೆಗೆ ಬಿಡುತ್ತಿದ್ದರು. ಆಳೊಬ್ಬ ಸನ್ನೆಕೋಲಿನಿಂದ ಬೋಗಿಯನ್ನು ಅಲುಗಿಸುವನು, ಕೆಳಗೆ ಓಡುವ ಪಟ್ಟಿಯೊಂದು ಲೋಹಕ್ಕೆ ಬಡಿದು ಗಾಲಿಯ ಟಕ್ ಟಕ್ ಸದ್ದು ಮಾಡುವುದು, ಫ್ಯಾನಿನಿಂದ ಮುಖಕ್ಕೆ ಗಾಳಿ, ತಿರುವಿನಲ್ಲಿ ಸೀಟಿ. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ 1906ರಲ್ಲೇ ಒಂದು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಮುಚ್ಚಿತು. ಯಂತ್ರ ಕೆಟ್ಟದ್ದಕ್ಕಲ್ಲ. ಇಂಜಿನ್ ಮೂತಿಯ ಚಿತ್ರಗಳು ಬೆರಳೆಣಿಕೆಯಷ್ಟು, ಒಮ್ಮೆ ನೋಡಿದವರು ಮತ್ತೆ ಬರಲಿಲ್ಲ. ಕಥೆ ಹೇಳುವ ಸಿನಿಮಾಮಂದಿರ ಪಕ್ಕದಲ್ಲೇ ತಲೆಯೆತ್ತಿತು. ಈ ಕಾಯಿಲೆ ಇಂದಿಗೂ ಹೋಗಿಲ್ಲ. ನಿಮ್ಮ ಕುರ್ಚಿಯಂಥ ಸಿಮ್ಯುಲೇಟರ್ ಕೊಳ್ಳುವ ಪಾರ್ಕು ಹೊಸ ಚಿತ್ರ ಕೊಳ್ಳದಿದ್ದರೆ ಎರಡನೆಯ ವರ್ಷ ಕುರ್ಚಿಗಳು ಖಾಲಿ.

ಹಾಗಾದರೆ ಕಂಪ್ಯೂಟರ್ ಕೊಟ್ಟದ್ದೇನು? ಹೇಲ್‌ನ ಬೋಗಿ ಕುಲುಕುತ್ತಿತ್ತು, ಆದರೆ ‘ಮುಂದಕ್ಕೆ ಚಿಮ್ಮಿದೆ’ ಎನಿಸುತ್ತಿರಲಿಲ್ಲ. ಇಂದಿನ ಕುರ್ಚಿಗಳ ಕೆಳಗಿನ ವೇದಿಕೆ ನಿಮ್ಮನ್ನು ಮೊದಲು ಒಂದು ಗೇಣು ಮುಂದಕ್ಕೆ ನೂಕುತ್ತದೆ, ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ವಾಲಿಸುತ್ತದೆ. ವಾಲುವುದು ಒಳಗಿವಿಗೆ ಗೊತ್ತಾಗದಷ್ಟು ನಿಧಾನ, ಸೆಕೆಂಡಿಗೆ ಎರಡು ಮೂರು ಡಿಗ್ರಿ. 20 ಡಿಗ್ರಿ ವಾಲಿದರೆ ನಿಮ್ಮದೇ ತೂಕದ ಮೂರನೇ ಒಂದು ಪಾಲು ಬೆನ್ನಿಗೆ ಒರಗುತ್ತದೆ. ಪರದೆಯಲ್ಲಿ ನೆಲ ನೇರವಾಗಿಯೇ ಕಾಣುವುದರಿಂದ ಮಿದುಳು ಅದನ್ನು ವಾಲಿದ್ದು ಎನ್ನದೆ ವೇಗ ಹೆಚ್ಚಿತು ಎನ್ನುತ್ತದೆ. ಚಿತ್ರಕ್ಕೂ ವೇದಿಕೆಗೂ ತಾಳ ತಪ್ಪಿದರೆ ಮೋಹ ಹರಿದು ಹೊಟ್ಟೆ ತೊಳೆಸುತ್ತದೆ. ಕೈಯಿಂದ ಸನ್ನೆಕೋಲು ಎಳೆದು ಈ ತಾಳ ಹಿಡಿಯುವುದು ಆಗದ ಕೆಲಸ. ಅದಕ್ಕೆ ಕಂಪ್ಯೂಟರ್ ಬೇಕಾಯಿತು.

ಬರೀ ಮೋಹ ಸಾಲದು, ಕಥೆಯೂ ಬೇಕು ಎಂದು ಕಂಡುಕೊಂಡವನು ಫ್ರೆಡರಿಕ್ ಥಾಂಪ್ಸನ್. 1901ರ ಬಫಲೋ ಪ್ರದರ್ಶನದಲ್ಲಿ ಅವನ ‘ಚಂದ್ರಯಾನ’ಕ್ಕೆ ಟಿಕೆಟ್ 50 ಸೆಂಟ್, ಅಕ್ಕಪಕ್ಕದ ಆಟಗಳ ಎರಡರಷ್ಟು. ‘ಲೂನಾ’ ಎಂಬ ರೆಕ್ಕೆಯ ನೌಕೆಗೆ ಮೂವತ್ತು ಜನ ಹತ್ತುತ್ತಿದ್ದರು. ನೌಕೆ ತೂಗಾಡುತ್ತ, ರೆಕ್ಕೆ ಬಡಿಯುತ್ತ, ಸುತ್ತಲಿನ ಕ್ಯಾನ್ವಾಸ್ ಸರಿಯುತ್ತ ಕೆಳಗೆ ನಯಾಗರ ಜಲಪಾತ ಕಂಡು, ಭೂಮಿ ಚಿಕ್ಕದಾಗುತ್ತ ಹೋಗಿ, ಬಿರುಗಾಳಿ ದಾಟಿ ಚಂದ್ರನ ಮೇಲೆ ಇಳಿಯುವುದು. ಇಲ್ಲಿಗೆ ಬೇರೆಯವರಾದರೆ ಮುಗಿಸಿಬಿಡುತ್ತಿದ್ದರು. ಥಾಂಪ್ಸನ್ ಜನರನ್ನು ಇಳಿಸಿ, ಗುಹೆಗಳಲ್ಲಿ ನಡೆಸಿ, ಗಿಡ್ಡ ವೇಷಧಾರಿಗಳಿಂದ ಸ್ವಾಗತ ಮಾಡಿಸಿ, ಹಸಿರು ಚೀಸಿನ ತುಂಡನ್ನು ಕೈಗೆ ಕೊಡಿಸಿ, ಚಂದ್ರನ ಅರಸನ ಆಸ್ಥಾನದಲ್ಲಿ ನೃತ್ಯ ತೋರಿಸಿ ಕಳಿಸುತ್ತಿದ್ದ. ವಾಹನ, ನಡಿಗೆ, ನಟರು, ರುಚಿ, ಎಲ್ಲ ಒಂದೇ ಕಥೆಯ ದಾರದಲ್ಲಿ. ನನ್ನ ಲೆಕ್ಕದಲ್ಲಿ ಥೀಮ್ ಪಾರ್ಕ್ ರೈಡ್ ಹುಟ್ಟಿದ್ದು ಈ ಕೋಣೆಯಲ್ಲಿ. 1903ರಲ್ಲಿ ಅವನು ಜೊತೆಗಾರ ಡಂಡಿಯೊಡನೆ ಕೋನಿ ಐಲೆಂಡಿನಲ್ಲಿ ತೆರೆದ ಪಾರ್ಕಿನ ಹೆಸರು ‘ಲೂನಾ ಪಾರ್ಕ್’. ಮೆಲ್ಬರ್ನ್, ಸಿಡ್ನಿಯಲ್ಲಿರುವ ನೆಂಟರು ಇದ್ದರೆ ಕೇಳಿ, ಆ ಹೆಸರು ಅಲ್ಲಿ ಇಂದಿಗೂ ಇದೆ.

ಇನ್ನು ಹಳಿಯ ಮೇಲಿನವು. ರೋಲರ್ ಕೋಸ್ಟರಿನ ಬೇರು ರಷ್ಯಾದ ಹಿಮದ ಜಾರುಬಂಡೆಗಳಲ್ಲೂ ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಹಾಕಿದ ಕಲ್ಲಿದ್ದಲು ಹಳಿಯಲ್ಲೂ ಇದೆ. ಅಲ್ಲಿ ಗಾಡಿಗಳು ಸುಮಾರು 14 ಕಿಲೋಮೀಟರ್ ಇಳಿಜಾರಿನಲ್ಲಿ ತಾವೇ ಇಳಿಯುತ್ತಿದ್ದವು, ಖಾಲಿ ಗಾಡಿಗಳನ್ನು ಮೇಲಕ್ಕೆ ಎಳೆಯಬೇಕಾದ ಹೇಸರಗತ್ತೆಗಳೂ ಇಳಿಯುವಾಗ ಗಾಡಿಯಲ್ಲೇ ಬರುತ್ತಿದ್ದವು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ (ಮೇಲಿನ ಥಾಂಪ್ಸನ್‌ಗೂ ಇವನಿಗೂ ಸಂಬಂಧವಿಲ್ಲ) ಕೋನಿ ಐಲೆಂಡಿನಲ್ಲಿ ಎರಡು ಗೋಪುರಗಳ ನಡುವೆ 180 ಮೀಟರ್ ಉದ್ದದ ‘ಸ್ವಿಚ್‌ಬ್ಯಾಕ್’ ಹಾಕಿದ. ಐದು ಸೆಂಟ್ ಟಿಕೆಟ್, ಗಂಟೆಗೆ ಹತ್ತು ಕಿಲೋಮೀಟರ್ ವೇಗ, ಬೆಂಚು ಅಡ್ಡಡ್ಡ. ಘರ್ಷಣೆಯಲ್ಲಿ ವೇಗ ಕಳೆದುಹೋಗುವುದರಿಂದ ಗಾಡಿ ಎದುರಿನ ಗೋಪುರದ ತುದಿ ಮುಟ್ಟುತ್ತಿರಲಿಲ್ಲ. ಜನ ಇಳಿದ ಮೇಲೆ ಆಳುಗಳು ನೂಕಿ ಹತ್ತಿಸುತ್ತಿದ್ದರು.

ಇವನ ದೊಡ್ಡ ಕೆಲಸ 1887ರ ‘ಸೀನಿಕ್ ರೈಲ್ವೆ’, ಅಟ್ಲಾಂಟಿಕ್ ಸಿಟಿಯಲ್ಲಿ. ಗಾಡಿ ಕತ್ತಲೆಯ ಸುರಂಗಕ್ಕೆ ನುಗ್ಗಿದಾಗ ಗಾಡಿಯೇ ಹಳಿಯ ಪಕ್ಕದ ಸ್ವಿಚ್ಚು ತಾಗಿ ದೀಪ ಹೊತ್ತಿಸುವುದು, ಆ ಬೆಳಕಿನಲ್ಲಿ ಚಿತ್ರಿಸಿದ ದೃಶ್ಯ ಕಂಡು ಮರೆಯಾಗುವುದು. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹಲವು ನಿಮಿಷ ಬೇಕು. ಆದ್ದರಿಂದ ಗಿಡ್ಡ ಸುರಂಗವೂ ಪಾತಾಳದಂತೆ ಕಾಣುತ್ತದೆ, ಒರಟು ಬಣ್ಣವೂ ಕ್ಷಣದ ಬೆಳಕಿನಲ್ಲಿ ಚಂದವಾಗಿ ಕಾಣುತ್ತದೆ. ಬಹಳ ಹೊತ್ತು ದೀಪ ಉರಿಸಿದರೆ ಗುಟ್ಟು ರಟ್ಟು.

ಇವೆಲ್ಲ ನಿಧಾನ ಓಡಲು ಕಾರಣ ಗಾಲಿ. ಆಗಿನ ಗಾಡಿಗೆ ಕೆಳಗೆ ಓಡುವ ಗಾಲಿ, ಪಕ್ಕಕ್ಕೆ ಒರಸುವ ಗಾಲಿ ಇದ್ದವು; ಮೇಲಕ್ಕೆ ಹಾರದಂತೆ ಹಿಡಿಯುವುದು ಏನೂ ಇರಲಿಲ್ಲ. ದಿಬ್ಬದ ನೆತ್ತಿಯ ಮೇಲೆ ವೇಗ ಹೆಚ್ಚಾದರೆ ಗಾಡಿ ಹಳಿ ಬಿಟ್ಟು ಎದ್ದುಬಿಡುತ್ತಿತ್ತು. ಅದಕ್ಕೇ ದಿಬ್ಬ ಗಿಡ್ಡ, ಗಾಡಿಯಲ್ಲೊಬ್ಬ ಬ್ರೇಕ್ ಹಿಡಿಯುವವ. 1919ರಲ್ಲಿ ಜಾನ್ ಮಿಲ್ಲರ್ ಹಳಿಯ ಅಡಿಗೆ ಮೂರನೆಯ ಗಾಲಿ ಸೇರಿಸಿ ಪೇಟೆಂಟ್ ಪಡೆದ. ಗಾಡಿ ಹಳಿಯನ್ನು ಮೇಲೆ, ಪಕ್ಕ, ಕೆಳಗೆ ಹೀಗೆ ಮೂರು ಕಡೆ ಹಿಡಿದುಕೊಂಡಿತು. ಇಂದಿನ ಹೆಚ್ಚುಕಡಿಮೆ ಎಲ್ಲ ಕೋಸ್ಟರುಗಳಲ್ಲೂ ಈ ಮೂರು ಗಾಲಿ ಇವೆ. ಏರುವಾಗ ಕೇಳುವ ಕಟಕಟ ಸದ್ದೂ ಹಳೆಯದೇ. ಸರಪಳಿ ತುಂಡಾದರೆ ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕೊಕ್ಕೆಯ ಸದ್ದು ಅದು. ಮೂರನೆಯ ಗಾಲಿ ಇಲ್ಲದ, ಬ್ರೇಕಿನವನು ನಡುವೆ ನಿಂತೇ ಓಡಿಸುವ 1912ರ ಗಾಡಿ ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿದೆ.

ತಲೆಕೆಳಗಾಗುವ ಸುತ್ತಿನ ಕಥೆ ಬೇರೆ. ಕೋನಿ ಐಲೆಂಡಿನ ಸೀ ಲಯನ್ ಪಾರ್ಕಿನಲ್ಲಿ 1895ರ ‘ಫ್ಲಿಪ್ ಫ್ಲ್ಯಾಪ್’ 7.6 ಮೀಟರ್ ಅಡ್ಡಳತೆಯ ಪೂರ್ಣ ವೃತ್ತ. ಹತ್ತಿದವರು ಕತ್ತು ನೋವು ಹಿಡಿದುಕೊಂಡು ಇಳಿಯುತ್ತಿದ್ದರು. ಲೆಕ್ಕ ಹಾಕಿ ನೋಡಿ. ವೃತ್ತದ ನೆತ್ತಿಯಲ್ಲಿ ಗಾಡಿ ಬೀಳದಿರಲು ಬೇಕಾದ ಕನಿಷ್ಠ ವೇಗ ಇದ್ದರೂ, ಬುಡದಲ್ಲಿ ಮೈತೂಕ ಆರು ಪಟ್ಟು. 60 ಕಿಲೋ ಮನುಷ್ಯ ಅರೆಕ್ಷಣ 360 ಕಿಲೋ. ಎಷ್ಟೇ ದೊಡ್ಡ ವೃತ್ತ ಕಟ್ಟಿದರೂ ಈ ಆರು ಪಟ್ಟು ಬದಲಾಗುವುದಿಲ್ಲ, ಇದೇ ವೃತ್ತದ ಶಾಪ. ಕನಿಷ್ಠ ವೇಗವನ್ನೇ ನಂಬಿ ಯಾರೂ ಗಾಡಿ ಬಿಡುವುದಿಲ್ಲ, ಸ್ವಲ್ಪ ಹೆಚ್ಚೇ ಕೊಡುತ್ತಾರೆ. ಹಾಗಾಗಿ ಅಲ್ಲಿ ಹನ್ನೆರಡು ಪಟ್ಟಿನವರೆಗೂ ಬರುತ್ತಿತ್ತು ಎಂಬ ಅಂದಾಜಿದೆ. ಅದೂ ಚಪ್ಪಟೆ ಹಳಿಯಿಂದ ವೃತ್ತಕ್ಕೆ ಹೊಕ್ಕ ಕ್ಷಣದಲ್ಲೇ, ಸುತ್ತಿಗೆ ಏಟಿನ ಹಾಗೆ. 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ವೃತ್ತವನ್ನು ಮೊಟ್ಟೆಯಾಕಾರಕ್ಕೆ ಎಳೆದು ನೋವನ್ನು ಕಡಿಮೆ ಮಾಡಿದ. ದಾರಿ ಸರಿಯಿತ್ತು, ಆದರೆ ಗಾಡಿಗೆ ನಾಲ್ಕೇ ಜನ. ಹತ್ತುವವರಿಗಿಂತ ಕಾಸು ಕೊಟ್ಟು ನಿಂತು ನೋಡುವವರೇ ಹೆಚ್ಚಾದರು. ಪೂರ್ತಿ ಉತ್ತರ ಸಿಕ್ಕಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ. ವರ್ನರ್ ಶ್ಟೆಂಗೆಲ್ ನೀರಹನಿಯಾಕಾರದ ಸುತ್ತು ಬರೆದ. ಬುಡದಲ್ಲಿ ತಿರುವು ಅಗಲ, ನೆತ್ತಿಯಲ್ಲಿ ಕಿರಿದು. ಎತ್ತರ ಅಷ್ಟೇ ಇಟ್ಟು ಬುಡದ ತ್ರಿಜ್ಯವನ್ನು ಎರಡೂವರೆ ಪಟ್ಟು ಮಾಡಿದರೆ ಆರು ಪಟ್ಟಿನ ತೂಕ ಮೂರು ಪಟ್ಟಿಗೆ ಇಳಿಯುತ್ತದೆ, ಏಟಿನ ಬದಲು ಒತ್ತಡ ಮೆಲ್ಲಗೆ ಏರುತ್ತದೆ. ರೈಲ್ವೆ ಇಂಜಿನಿಯರುಗಳು ನೇರ ಹಳಿಯನ್ನು ತಿರುವಿಗೆ ಸೇರಿಸಲು ಬಳಸುವ ವಕ್ರರೇಖೆಯೇ ಇದು.

ಎಣಿಕೆಯ ಮಾತು ಇಲ್ಲೇ ಹೇಳಬೇಕು. ನಿಮಿಷಕ್ಕೊಂದರಂತೆ ಇಬ್ಬರ ಗಾಡಿ ಬಿಟ್ಟರೆ ಗಂಟೆಗೆ 120 ಜನ. 1893ರ ಶಿಕಾಗೋದಲ್ಲಿ ಫೆರಿಸ್ ಕಟ್ಟಿದ 80 ಮೀಟರ್ ಎತ್ತರದ ಚಕ್ರದಲ್ಲಿ 36 ತೊಟ್ಟಿಲು, ಒಂದೊಂದರಲ್ಲಿ 60 ಜನ, ಒಮ್ಮೆಗೇ 2160. ನಮ್ಮ ಜಾತ್ರೆಯ ಜೈಂಟ್ ವೀಲ್ ಉಳಿದದ್ದಕ್ಕೂ ಎಷ್ಟೋ ಅದ್ಭುತ ರೈಡ್‌ಗಳು ಅಳಿದದ್ದಕ್ಕೂ ಈ ಗಣಿತ ಸಾಕು.

ಕತ್ತಲೆ ರೈಡ್‌ಗಳನ್ನು ಉಳಿಸಿದ್ದೂ ಹಣದ ಒತ್ತಡವೇ. ‘ಓಲ್ಡ್ ಮಿಲ್’ ಎಂಬ ಕತ್ತಲೆ ಸುರಂಗದ ದೋಣಿ ರೈಡಿನಲ್ಲಿ ದೋಣಿಗೆ ಯಂತ್ರವಿಲ್ಲ, ಒಂದು ಕಡೆ ನೀರಿನ ಚಕ್ರ ತಿರುಗಿ ಇಡೀ ಕಾಲುವೆಗೆ ಹರಿವು ಕೊಡುತ್ತದೆ. ಪಿಟ್ಸ್‌ಬರ್ಗ್ ಬಳಿಯ ಕೆನಿವುಡ್‌ನಲ್ಲಿ 1901ರದ್ದು ಇನ್ನೂ ಇದೆ. ಆದರೆ ಕಾಲುವೆ ಕಟ್ಟುವುದು ದುಬಾರಿ, ಮರ ಕೊಳೆಯುತ್ತದೆ, ನೀರು ಸೋರುತ್ತದೆ. ನ್ಯೂಜೆರ್ಸಿಯ ಸಣ್ಣ ಪಾರ್ಕಿನ ಲಿಯಾನ್ ಕ್ಯಾಸಿಡಿಗೆ ಅಷ್ಟು ಹಣವಿರಲಿಲ್ಲ. 1928ರ ಸುಮಾರಿಗೆ ಅವನು ನೀರನ್ನು ಬಿಟ್ಟು, ನೆಲದ ಮೇಲೆ ಒಂದೇ ಹಳಿ ಸುತ್ತಿಸಿ ವಿದ್ಯುತ್ ಗಾಡಿ ಓಡಿಸಿದ. ಸಣ್ಣ ಕೊಟ್ಟಿಗೆಯಲ್ಲೇ ಹಳಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು. ಅಲ್ಲಿನವರ ಚಕ್ಕುಲಿ ಪ್ರೆಟ್ಜೆಲ್, ರೈಡಿಗೂ ಅದೇ ಹೆಸರು ಬಿತ್ತು. ಗಾಡಿ ಹಳಿ ಪಕ್ಕದ ಸನ್ನೆ ತುಳಿದರೆ ಅಸ್ಥಿಪಂಜರ ಎದ್ದು ನಿಲ್ಲುವುದು, ಗಾಡಿಯೇ ಬಾಗಿಲು ಗುದ್ದಿ ತೆರೆಯುವುದು. ನಮ್ಮ ಊರುಗಳ ವಸ್ತುಪ್ರದರ್ಶನಗಳಲ್ಲಿ ಬರುವ ಭೂತಬಂಗಲೆ ಗಾಡಿಗಳು ಇದರದೇ ಸಂತಾನ.

ಕೊನೆಯದು ಬೆಂಕಿ. ಆ ಕಾಲದ ಅರಮನೆ, ಗುಹೆ, ನರಕ ಎಲ್ಲ ಮರದ ಪಟ್ಟಿಗೆ ಗಾರೆ ಮತ್ತು ನಾರು ಬೆರೆಸಿ ಬಳಿದವು. ಕೋನಿ ಐಲೆಂಡಿನ ‘ಡ್ರೀಮ್‌ಲ್ಯಾಂಡ್’ನಲ್ಲಿ ‘ಹೆಲ್ ಗೇಟ್’ ಎಂಬ ದೋಣಿ ರೈಡಿನ ಕಾಲುವೆ ಸೋರುತ್ತಿತ್ತು. 1911ರ ಮೇ 27ರ ನಸುಕಿನಲ್ಲಿ ಕೆಲಸದವರು ಕಾಯಿಸಿದ ಡಾಂಬರಿನಿಂದ ಅದನ್ನು ಮುಚ್ಚುತ್ತಿದ್ದಾಗ ದೀಪಗಳು ಆರಿದವು, ಕತ್ತಲೆಯಲ್ಲಿ ಡಾಂಬರಿನ ಬಕೆಟ್ ಮಗುಚಿತು. ಬೆಳಗಾಗುವಷ್ಟರಲ್ಲಿ ಇಡೀ ಪಾರ್ಕು ಬೂದಿ. ಮತ್ತೆ ಕಟ್ಟಲೇ ಇಲ್ಲ. ಈ ಎಚ್ಚರಿಕೆ ಎಲ್ಲರ ಕಿವಿಗೂ ಬೀಳಲಿಲ್ಲ ಎಂಬುದು ಸಂಕಟದ ವಿಷಯ. 1984ರಲ್ಲಿ ನ್ಯೂಜೆರ್ಸಿಯ ಪಾರ್ಕೊಂದರ ಭೂತಬಂಗಲೆಯಲ್ಲಿ ಬೆಂಕಿ ಬಿದ್ದು ಎಂಟು ಹದಿಹರೆಯದವರು ಸತ್ತರು. ಮಕ್ಕಳೊಡನೆ ಕತ್ತಲೆ ರೈಡಿಗೆ ಹೋಗುವಾಗ ಛಾವಣಿಯಲ್ಲಿ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇದೆಯೇ, ಹೊರದಾರಿಯ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡಿಯೇ ಹೊಗಿ. ಇಲ್ಲದಿದ್ದರೆ ಟಿಕೆಟ್ ಹಣ ಹೋದರೂ ಚಿಂತೆಯಿಲ್ಲ, ಹೊರಗೆ ಬನ್ನಿ.

ಭಾವನವರೊಡನೆ ಮುಂದಿನ ಸಲ ಹೋದಾಗ ಇನ್ನೊಂದನ್ನು ಗಮನಿಸಿ. ಮುಂದಿನ ಸಾಲಿನಲ್ಲಿ ಕೂತವರ ಕಿವಿಯ ಜುಮುಕಿ ನೋಡಿ. ದೆವ್ವದ ಉಯ್ಯಾಲೆಯಂಥ ರೈಡಿನಲ್ಲಿ ಲೋಕ ಮಗುಚಿದಂತೆ ಕಂಡರೂ ಜುಮುಕಿ ಭುಜದ ಕಡೆಗೇ ನೇತಾಡುತ್ತಿರುತ್ತದೆ, ಮೋಸ ಗೊತ್ತಾಗಿಬಿಡುತ್ತದೆ. ನಿಮ್ಮನ್ನು ಹಾರಿಸಿದ ಕುರ್ಚಿಯಲ್ಲಿ ಮಾತ್ರ ವೇಗ ಹೆಚ್ಚುವ ದೃಶ್ಯ ಬಂದಾಗ ಜುಮುಕಿಯೂ ನಿಜವಾಗಿ ಚಿಮ್ಮಿದರೆ ಹೇಗೋ ಹಾಗೆಯೇ ಹಿಂದಕ್ಕೆ ವಾಲುತ್ತದೆ. ಹೇಲ್‌ನ ಬೋಗಿಗೆ ಆಗದಿದ್ದದ್ದು ಅದೊಂದೇ.